ಮಧ್ಯಾಹ್ನ ಬರುತ್ತಿದ್ದ ಡಾಕ್ಟರು: ಹೆರಾಲ್ಡ್ ಶಿಪ್‌ಮನ್‌ನ ಬದುಕು, ಕೊಲೆಗಳು ಮತ್ತು ಕಾಗದಪತ್ರಗಳು

ಹೆರಾಲ್ಡ್ ಫ್ರೆಡರಿಕ್ ಶಿಪ್‌ಮನ್ (1946–2004) ಇಂಗ್ಲೆಂಡಿನ ಒಬ್ಬ ಕುಟುಂಬ ವೈದ್ಯ. ತನ್ನನ್ನು ನಂಬಿ ಬಂದ ರೋಗಿಗಳನ್ನೇ ಒಬ್ಬರಾದ ಮೇಲೊಬ್ಬರಂತೆ ಕೊಂದವನು. ನ್ಯಾಯಾಲಯದಲ್ಲಿ ಅವನ ಮೇಲೆ ಸಾಬೀತಾದದ್ದು 15 ಕೊಲೆಗಳು. ಅನಂತರ ಕೂತ ಸಾರ್ವಜನಿಕ ವಿಚಾರಣಾ ಆಯೋಗ 215 ಮಂದಿಯನ್ನು ಹೆಸರು ಸಮೇತ ಗುರುತಿಸಿತು. ಆಯೋಗದ ಕೊನೆಯ ಅಂದಾಜು 250ರ ಸುಮಾರಿಗೆ ನಿಂತಿತು. ಸರಣಿ ಹಂತಕರ ಬಗ್ಗೆ ಸಿನಿಮಾಗಳು ಕಲಿಸಿಕೊಟ್ಟ ಯಾವುದೂ ಇವನ ಕಥೆಯಲ್ಲಿಲ್ಲ. ರಕ್ತವಿಲ್ಲ, ಕತ್ತಲಿಲ್ಲ, ಬೆನ್ನಟ್ಟುವ ಪೊಲೀಸರಿಲ್ಲ. ಇರುವುದು ಹಗಲು ಹೊತ್ತು, ಚುಚ್ಚುಮದ್ದು, ಮರಣ ಪ್ರಮಾಣಪತ್ರ ಮತ್ತು ಸಹಿ. ಹಾಗಾಗಿ ಅವನ ತಲೆಯೊಳಗೆ ಏನಿತ್ತು ಎಂಬುದಕ್ಕಿಂತ, ಸುಮಾರು 27 ವರ್ಷ ಅವನ ಕಾಗದಗಳ ಮೇಲೆ ಸಹಿ, ಮೊಹರು ಒತ್ತಿದವರೆಲ್ಲ ಏನನ್ನು ನೋಡುತ್ತಿದ್ದರು ಎಂಬ ಪ್ರಶ್ನೆಗೇ ಈ ಲೇಖನದಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಾಟಿಂಗ್‌ಹ್ಯಾಮ್‌ನ ಹುಡುಗ

ಹುಟ್ಟಿದ್ದು 1946ರ ಜನವರಿ 14ರಂದು, ನಾಟಿಂಗ್‌ಹ್ಯಾಮ್ ನಗರದ ಕಾರ್ಮಿಕ ಬಡಾವಣೆಯೊಂದರಲ್ಲಿ. ಓದಿನಲ್ಲಿ ಚುರುಕು, ರಗ್ಬಿಯಲ್ಲಿ ಗಟ್ಟಿಗ. ಮನೆಯಲ್ಲಿ ತಾಯಿಯ ಮಾತೇ ಮಾತು, ಮತ್ತು ತಾಯಿಗೆ ಈ ಮಗನೇ ಮೆಚ್ಚಿನವನು ಎಂದು ಬರೆದವರೆಲ್ಲ ಹೇಳುತ್ತಾರೆ. ಆಕೆಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಕೊನೆಯ ತಿಂಗಳುಗಳಲ್ಲಿ ಡಾಕ್ಟರು ಮನೆಗೇ ಬಂದು ಮಾರ್ಫಿನ್ ಚುಚ್ಚುತ್ತಿದ್ದರು. ನೋವು ಇಳಿಯುವುದನ್ನು ಹದಿಹರೆಯದ ಹುಡುಗ ಪಕ್ಕದಲ್ಲಿ ನಿಂತು ನೋಡುತ್ತಿದ್ದ. 1963ರ ಜೂನ್ 21ರಂದು ತಾಯಿ ತೀರಿಕೊಂಡಾಗ ಅವನಿಗೆ ಹದಿನೇಳು ವರ್ಷ.

ಈ ದೃಶ್ಯವನ್ನು ಹಿಡಿದು ಮುಂದಿನ ಎಲ್ಲವನ್ನೂ ವಿವರಿಸಿಬಿಡುವ ಆಸೆ ಅವನ ಜೀವನಚರಿತ್ರೆ ಬರೆದವರಿಗೆಲ್ಲ ಬಂದಿದೆ. ಆದರೆ ಹೆತ್ತವರ ಹಾಸಿಗೆಯ ಪಕ್ಕ ಹೀಗೆ ನಿಂತ ಮಕ್ಕಳು ಲೋಕದಲ್ಲಿ ಲಕ್ಷಗಟ್ಟಲೆ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ವೈದ್ಯರೂ ಆಗಿ, ಯಾರನ್ನೂ ಕೊಲ್ಲದೆ ನಿವೃತ್ತರಾಗಿದ್ದಾರೆ.

ಅವನು ಲೀಡ್ಸ್ ವೈದ್ಯಕೀಯ ಶಾಲೆ ಸೇರಿದ, ಓದುತ್ತಿರುವಾಗಲೇ 1966ರಲ್ಲಿ ಮದುವೆಯಾದ, 1970ರಲ್ಲಿ ಪದವಿ ಪಡೆದ. ಆಮೇಲೆ ಪಾಂಟಿಫ್ರ್ಯಾಕ್ಟ್ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿ ಸೇರಿಕೊಂಡ. ಅಲ್ಲಿನ ಸಾವುಗಳತ್ತ ಬಹಳ ಕಾಲ ಯಾರೂ ತಿರುಗಿ ನೋಡಿರಲಿಲ್ಲ. ಆಯೋಗದ ಕೊನೆಯ ವರದಿ ಮಾತ್ರ ಅವನ ಕೊಲೆಗಳು ಆ ಆಸ್ಪತ್ರೆಯಲ್ಲೇ, 1971ರ ಹೊತ್ತಿಗೇ ಶುರುವಾಗಿದ್ದವು ಎಂದು ತೀರ್ಮಾನಿಸಿತು.

ಮೊದಲ ಸಲ ಸಿಕ್ಕಿಬಿದ್ದದ್ದು

1974ರಲ್ಲಿ ಯಾರ್ಕ್‌ಷೈರಿನ ಟಾಡ್‌ಮರ್ಡನ್ ಎಂಬ ಸಣ್ಣ ಊರಿನ ವೈದ್ಯರ ತಂಡಕ್ಕೆ ಸೇರಿದ. ಕೆಲಸದಲ್ಲಿ ಹುಮ್ಮಸ್ಸು, ಹಳೆಯ ದಾಖಲೆಗಳನ್ನೆಲ್ಲ ಒಪ್ಪವಾಗಿ ಜೋಡಿಸುವ ಶಿಸ್ತು. ಹಿರಿಯ ಸಹೋದ್ಯೋಗಿಗಳಿಗೆ ಖುಷಿಯೋ ಖುಷಿ. ಮರುವರ್ಷ ಎಚ್ಚರ ತಪ್ಪಿ ಬೀಳತೊಡಗಿದ. ಮೂರ್ಛೆರೋಗ ಎಂದ. ಊರಿನ ಔಷಧದಂಗಡಿಯ ಲೆಕ್ಕಪುಸ್ತಕ ಬೇರೆಯೇ ಕಥೆ ಹೇಳಿತು. ರೋಗಿಗಳ ಹೆಸರಿನಲ್ಲಿ ರಾಶಿ ರಾಶಿ ಪೆಥಿಡಿನ್ ತರಿಸಿ, ಅದನ್ನೆಲ್ಲ ತನಗೇ ಚುಚ್ಚಿಕೊಳ್ಳುತ್ತಿದ್ದ. ಪೆಥಿಡಿನ್ ಮಾರ್ಫಿನ್ ಜಾತಿಯ ನೋವುನಿವಾರಕ, ಚಟ ಹತ್ತಿಸುವಂಥದ್ದು.

ತಂಡ ಅವನನ್ನು ಹೊರಹಾಕಿತು. ಚಿಕಿತ್ಸೆಗೆ ಯಾರ್ಕ್ ನಗರದ ಮನೋವೈದ್ಯಕೀಯ ಆಸ್ಪತ್ರೆಗೆ ಹೋದ. 1976ರ ಫೆಬ್ರುವರಿಯಲ್ಲಿ ಹ್ಯಾಲಿಫ್ಯಾಕ್ಸ್ ನ್ಯಾಯಾಲಯದಲ್ಲಿ ಸುಳ್ಳು ಔಷಧಚೀಟಿ ಮತ್ತು ವಂಚನೆಯ ತಪ್ಪೊಪ್ಪಿಕೊಂಡು 600 ಪೌಂಡ್ ದಂಡ ಕಟ್ಟಿದ. ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ ಅವನ ಹೆಸರನ್ನು ಪಟ್ಟಿಯಿಂದ ಅಳಿಸಲಿಲ್ಲ. ಒಂದು ಎಚ್ಚರಿಕೆಯ ಪತ್ರ ಕಳುಹಿಸಿ ಕಡತ ಮುಚ್ಚಿತು. ಅಂದಿನ ಮಟ್ಟಿಗೆ ಇದು ಅನ್ಯಾಯದ ತೀರ್ಪೇನೂ ಅಲ್ಲ. ಚಟಕ್ಕೆ ಬಿದ್ದ ವೈದ್ಯ ಒಬ್ಬ ರೋಗಿ, ಅವನಿಗೆ ಇನ್ನೊಂದು ಅವಕಾಶ ಕೊಡಬೇಕು ಎಂಬ ಮನುಷ್ಯತ್ವದ ನಿಲುವು ಅದರ ಹಿಂದಿತ್ತು. ಆದರೆ ಟಾಡ್‌ಮರ್ಡನ್‌ನಲ್ಲಿ ಅವನ ರೋಗಿಗಳು ಹೇಗೆ ಸತ್ತರು ಎಂದು ಯಾರೂ ಕೇಳಲಿಲ್ಲ. ಅಲ್ಲಿ ಆ ಹೊತ್ತಿಗಾಗಲೇ ಕನಿಷ್ಠ ಒಬ್ಬ ಮಹಿಳೆಯನ್ನು ಅವನು ಕೊಂದಿದ್ದ ಎಂದು ಆಯೋಗ ಮುಂದೆ ಹೇಳಿತು.

ಹೈಡ್‌ನಲ್ಲಿ ಇಪ್ಪತ್ತು ವರ್ಷ

ಹೈಡ್ ಮ್ಯಾಂಚೆಸ್ಟರಿನ ಪೂರ್ವಕ್ಕಿರುವ, ಹತ್ತಿ ಗಿರಣಿಗಳಿಂದ ಬೆಳೆದ ಊರು. ಕುಖ್ಯಾತಿ ಅದಕ್ಕೆ ಹೊಸದಲ್ಲ. 1960ರ ದಶಕದಲ್ಲಿ ಮಕ್ಕಳನ್ನು ಕೊಂದ ಇಯಾನ್ ಬ್ರೇಡಿ ಮತ್ತು ಮೈರಾ ಹಿಂಡ್ಲಿ ಸಿಕ್ಕಿಬಿದ್ದದ್ದು ಪಕ್ಕದ ಹ್ಯಾಟರ್ಸ್‌ಲಿ ಬಡಾವಣೆಯಲ್ಲಿ. 1977ರಲ್ಲಿ ಶಿಪ್‌ಮನ್ ಇಲ್ಲಿನ ಡಾನಿಬ್ರೂಕ್ ಹೌಸ್ ವೈದ್ಯರ ತಂಡಕ್ಕೆ ಅರ್ಜಿ ಹಾಕಿದ. ತನ್ನ ಹಳೆಯ ಚಟ, ಶಿಕ್ಷೆ ಎರಡನ್ನೂ ಬಚ್ಚಿಡದೆ ಹೇಳಿದ. ಆ ಪ್ರಾಮಾಣಿಕತೆ ಮೆಚ್ಚಿಯೇ ಅವನನ್ನು ಸೇರಿಸಿಕೊಂಡರು.

ಊರು ಅವನನ್ನು ಒಪ್ಪಿಕೊಂಡದ್ದಕ್ಕೆ ಕಾರಣಗಳಿದ್ದವು. ವಯಸ್ಸಾದವರು ಕರೆದರೆ ಮನೆಗೇ ಹೋಗುತ್ತಿದ್ದ, ಆ ಕಾಲದ ಇಂಗ್ಲೆಂಡಿನಲ್ಲಿ ಅದು ಅಪರೂಪವಾಗುತ್ತಿತ್ತು. ದುಬಾರಿ ಔಷಧ ಬರೆಯಲು ಹಿಂಜರಿಯುತ್ತಿರಲಿಲ್ಲ. ಮೊಮ್ಮಕ್ಕಳ ಹೆಸರು ನೆನಪಿಟ್ಟುಕೊಂಡು ಕೇಳುತ್ತಿದ್ದ. ನಮ್ಮ ಊರುಗಳಲ್ಲಿ ಕೆಲವು ಡಾಕ್ಟರ ಬಗ್ಗೆ ಕೈಗುಣ ಚೆನ್ನಾಗಿದೆ ಎನ್ನುತ್ತಾರಲ್ಲ, ಹೈಡ್‌ನ ಅಜ್ಜಿಯರ ಬಾಯಲ್ಲಿ ಅವನಿಗಿದ್ದದ್ದು ಹೆಚ್ಚು ಕಡಿಮೆ ಅದೇ ಹೆಸರು. 1980ರ ದಶಕದಲ್ಲಿ ಒಂದು ಪ್ರತಿಷ್ಠಿತ ಟಿವಿ ಕಾರ್ಯಕ್ರಮದಲ್ಲಿ, ಮಾನಸಿಕ ರೋಗಿಗಳನ್ನು ಸಮುದಾಯದ ನಡುವೆಯೇ ಹೇಗೆ ನೋಡಿಕೊಳ್ಳಬೇಕು ಎಂದು ಗಂಭೀರವಾಗಿ ಮಾತನಾಡಿದ. ಸಹೋದ್ಯೋಗಿಗಳ ಮತ್ತು ಸಿಬ್ಬಂದಿಯ ಎದುರು ಅವನ ಮುಖ ಬೇರೆ ಇತ್ತು: ಒರಟ, ಜಂಬಗಾರ, ತಾನು ಹೇಳಿದ್ದೇ ಆಗಬೇಕು. ಆದರೆ ಒರಟುತನ ಅಪರಾಧವಲ್ಲ, ವೈದ್ಯರಲ್ಲಂತೂ ಅದನ್ನು ಜನ ಪಾಂಡಿತ್ಯದ ಲಕ್ಷಣ ಎಂದೇ ಸಹಿಸಿಕೊಳ್ಳುತ್ತಾರೆ.

1992ರಲ್ಲಿ ತಂಡ ಬಿಟ್ಟು, ಮಾರ್ಕೆಟ್ ಸ್ಟ್ರೀಟಿನಲ್ಲಿ ಒಂಟಿ ವೈದ್ಯನಾಗಿ ತನ್ನದೇ ದವಾಖಾನೆ ತೆರೆದ. ರೋಗಿಗಳ ಪಟ್ಟಿ ಮೂರು ಸಾವಿರ ದಾಟಿತು. ಕೊಲೆಗಳ ವೇಗ ಹೆಚ್ಚಿದ್ದು ಈ ಒಂಟಿತನದಲ್ಲಿ. ಪಕ್ಕದ ಕೋಣೆಯಿಂದ ಇಣುಕಿ ನೋಡುವ ಇನ್ನೊಬ್ಬ ವೈದ್ಯ ಈಗ ಇರಲಿಲ್ಲ.

ಕುರ್ಚಿಯಲ್ಲಿ ಕೂತ ಹಾಗೇ

ಸತ್ತವರಲ್ಲಿ ಬಹುಪಾಲು ಒಂಟಿಯಾಗಿ ಬದುಕುತ್ತಿದ್ದ ವಯಸ್ಸಾದ ಹೆಂಗಸರು. ಆಯೋಗ ಗುರುತಿಸಿದ 215 ಜನರಲ್ಲಿ 171 ಮಹಿಳೆಯರು, 44 ಗಂಡಸರು. ಹಿರಿಯರಿಗೆ 93 ವರ್ಷ, ಕಿರಿಯವರಿಗೆ 41. ಹಲವರು ಹಾಸಿಗೆ ಹಿಡಿದವರೇನೂ ಅಲ್ಲ. ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಬಂದವರು, ಸಂಜೆಗೆ ಗೆಳತಿಯರನ್ನು ಕರೆದವರು, ಸ್ವಂತ ಕಾರು ಓಡಿಸುತ್ತಿದ್ದವರು ಅವರಲ್ಲಿದ್ದರು.

ಮಧ್ಯಾಹ್ನ ದವಾಖಾನೆಯ ಬಿಡುವಿನ ಹೊತ್ತಿನಲ್ಲಿ ಅವನು ಹೊರಡುತ್ತಿದ್ದ. ರಕ್ತ ಪರೀಕ್ಷೆಗೆ ಮಾದರಿ ಬೇಕು, ಕಾಲುನೋವು ಹೇಗಿದೆ ನೋಡೋಣ, ಹೀಗೆ ಏನಾದರೊಂದು ನೆಪ. ಎಷ್ಟೋ ಸಲ ಕರೆಯದೇ ಬಂದವನು. ತೋಳಿಗೆ ಚುಚ್ಚುತ್ತಿದ್ದದ್ದು ಡೈಯಾಮಾರ್ಫಿನ್. ಬೀದಿಯಲ್ಲಿ ಹೆರಾಯಿನ್ ಎಂದು ಕರೆಯುವುದು ಇದನ್ನೇ. ಬ್ರಿಟನ್ನಿನಲ್ಲಿ ಅದು ಕ್ಯಾನ್ಸರ್ ಮತ್ತು ಹೃದಯಾಘಾತದ ನೋವಿಗೆ ಕಾನೂನುಬದ್ಧ ಔಷಧ. ಹೆಚ್ಚಿನ ಪ್ರಮಾಣದಲ್ಲಿ ನೇರ ರಕ್ತನಾಳಕ್ಕೆ ಹೋದರೆ ಮೊದಲು ನಿದ್ದೆ ಕವಿಯುತ್ತದೆ, ಆಮೇಲೆ ಮಿದುಳಿನ ಉಸಿರಾಟದ ಕೇಂದ್ರ ಮಂಕಾಗಿ ಉಸಿರು ನಿಲ್ಲುತ್ತದೆ. ಕೂಗಾಟವಿಲ್ಲ, ಒದ್ದಾಟವಿಲ್ಲ. ಆಮೇಲೆ ಬಂದವರಿಗೆ ಕಾಣುತ್ತಿದ್ದದ್ದು ಒಂದೇ ಚಿತ್ರ: ಹೊರಗೆ ಹೊರಡುವ ಉಡುಪಿನಲ್ಲೇ, ತಮ್ಮ ಕುರ್ಚಿಯಲ್ಲಿ ಒರಗಿ ಕೂತ ಹೆಂಗಸು, ಟಿವಿ ಎದುರು ನಿದ್ದೆ ಹೋದ ಹಾಗೆ.

ಎಂಬತ್ತು ದಾಟಿದವರು ಹೀಗೆ ಹೋದರೆ ನಾವು ಹೇಳುವ ಮಾತು ಗೊತ್ತೇ ಇದೆ: ಪುಣ್ಯವಂತೆ, ನರಳಲಿಲ್ಲ, ಯಾರಿಗೂ ಹೊರೆಯಾಗಲಿಲ್ಲ. ಹೈಡ್‌ನ ಮಕ್ಕಳು ಮೊಮ್ಮಕ್ಕಳೂ ತಮ್ಮ ಭಾಷೆಯಲ್ಲಿ ಹಾಗೇ ಸಮಾಧಾನ ಹೇಳಿಕೊಂಡರು. ಶಿಪ್‌ಮನ್ ಅಡಗಿ ಕೂತದ್ದು ಈ ಸಮಾಧಾನದ ಹಿಂದೆ. ಅನಾಯಾಸ ಮರಣವನ್ನು ಯಾರೂ ತನಿಖೆಗೆ ಒಪ್ಪಿಸುವುದಿಲ್ಲ.

ಸಂಬಂಧಿಕರ ಎದುರು ಅವನ ನಡೆ ವಿಚಿತ್ರವಾಗಿರುತ್ತಿತ್ತು. ದೇಹವನ್ನು ಸರಿಯಾಗಿ ಮುಟ್ಟಿ ಪರೀಕ್ಷಿಸದೆಯೇ ಸಾವು ಘೋಷಿಸುತ್ತಿದ್ದ. ಆಂಬುಲೆನ್ಸ್ ಕರೆದಿದ್ದೆ, ಇನ್ನು ಬೇಡ ಎಂದು ಫೋನಿನಲ್ಲಿ ರದ್ದು ಮಾಡುವ ನಟನೆ ಮಾಡುತ್ತಿದ್ದ. ದೂರವಾಣಿ ದಾಖಲೆಗಳನ್ನು ಆಮೇಲೆ ತೆಗೆಸಿದಾಗ, ಅಂಥ ಕರೆಗಳು ಹೋಗಿರಲೇ ಇಲ್ಲ. ವಯಸ್ಸಾಗಿತ್ತು, ಹೃದಯಾಘಾತ, ಪಾರ್ಶ್ವವಾಯು, ಹೀಗೆ ಒಂದು ಕಾರಣ ಬರೆದು, ಮರಣೋತ್ತರ ಪರೀಕ್ಷೆಯಿಂದ ತಾಯಿಯ ದೇಹಕ್ಕೆ ಯಾಕೆ ಹಿಂಸೆ ಎಂದು ಕುಟುಂಬದವರ ಮನ ಒಲಿಸುತ್ತಿದ್ದ. ದವಾಖಾನೆಗೆ ಮರಳಿ, ಸತ್ತವರ ಕಂಪ್ಯೂಟರ್ ಕಡತದಲ್ಲಿ ಹಿಂದಿನ ತಾರೀಕು ಹಾಕಿ ಎದೆನೋವಿನ ಇತಿಹಾಸವೊಂದನ್ನು ಸೃಷ್ಟಿಸುತ್ತಿದ್ದ. ಕಂಪ್ಯೂಟರ್ ತನ್ನದೇ ಒಳದಾಖಲೆಯಲ್ಲಿ, ಆ ಸಾಲನ್ನು ನಿಜವಾಗಿ ಟೈಪಿಸಿದ ದಿನ ಮತ್ತು ಗಳಿಗೆ ಬರೆದಿಟ್ಟುಕೊಳ್ಳುತ್ತದೆ ಎಂಬುದು ಈ ಜಾಣನಿಗೆ ತಿಳಿದಿರಲಿಲ್ಲ.

ಔಷಧ ಎಲ್ಲಿಂದ ಬರುತ್ತಿತ್ತು

ಚಟದ ಪ್ರಕರಣದ ನಂತರ ಅವನು ಇಂಥ ಔಷಧಗಳನ್ನು ತನ್ನ ಬಳಿ ಇಟ್ಟುಕೊಳ್ಳುವುದಿಲ್ಲ ಎಂದಿದ್ದ. ಇಟ್ಟುಕೊಳ್ಳದವನು ಲೆಕ್ಕದ ರಿಜಿಸ್ಟರು ಇಡಬೇಕಿಲ್ಲ, ರಿಜಿಸ್ಟರು ಇಲ್ಲದವನಲ್ಲಿಗೆ ಪರಿಶೀಲನೆಗೆ ಯಾರೂ ಬರಬೇಕಿಲ್ಲ. ಒಳ್ಳೆಯ ನಡತೆಯ ಮಾತೇ ರಕ್ಷಾಕವಚವಾಯಿತು. ಸಾಯುತ್ತಿರುವ ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಬರೆದು, ತಾನೇ ಔಷಧದಂಗಡಿಯಿಂದ ತಂದು, ಒಂದು ಪಾಲು ಉಳಿಸಿಕೊಳ್ಳುತ್ತಿದ್ದ. ರೋಗಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದನ್ನು, ನಾಶಪಡಿಸುತ್ತೇನೆ ಎಂದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಒಬ್ಬ ರೋಗಿಯ ಹೆಸರಿನಲ್ಲಿ ದಕ್ಕಿಸಿಕೊಂಡ ಪ್ರಮಾಣವೇ ಮುನ್ನೂರಕ್ಕೂ ಹೆಚ್ಚು ಜನರ ಜೀವ ತೆಗೆಯಲು ಸಾಕಾಗುವಷ್ಟಿತ್ತು.

ಚಿತಾಗಾರದ ಮುಂದೆ ಮೂರು ಸಹಿ

ಈ ಪ್ರಕರಣದಲ್ಲಿ ಓದುಗರು ನಿಂತು ನೋಡಬೇಕಾದ ಜಾಗ ಇದು. ಹೂತರೆ ಮತ್ತೆ ತೆಗೆದು ಪರೀಕ್ಷಿಸಬಹುದು, ಸುಟ್ಟರೆ ಏನೂ ಉಳಿಯುವುದಿಲ್ಲ. ಇದನ್ನರಿತ ಬ್ರಿಟಿಷರು ಇಪ್ಪತ್ತನೇ ಶತಮಾನದ ಆರಂಭದಲ್ಲೇ ದಹನಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿದ್ದರು. ರೋಗಿಯನ್ನು ನೋಡಿಕೊಂಡ ವೈದ್ಯ ‘ಬಿ’ ನಮೂನೆ ತುಂಬಬೇಕಿತ್ತು. ಅವನಿಗೆ ಸಂಬಂಧವಿಲ್ಲದ, ಅನುಭವವಿರುವ ಇನ್ನೊಬ್ಬ ವೈದ್ಯ ದೇಹವನ್ನು ನೋಡಿ, ಮೊದಲ ವೈದ್ಯನನ್ನು ಪ್ರಶ್ನಿಸಿ ‘ಸಿ’ ನಮೂನೆಗೆ ಸಹಿ ಹಾಕಬೇಕಿತ್ತು. ಕೊನೆಯಲ್ಲಿ ಚಿತಾಗಾರದ ವೈದ್ಯಾಧಿಕಾರಿ ಎರಡನ್ನೂ ಓದಿ ‘ಎಫ್’ ನಮೂನೆಯಲ್ಲಿ ಅನುಮತಿ ಕೊಡಬೇಕಿತ್ತು.

ಕಾಗದದ ಮೇಲೆ ಇದಕ್ಕಿಂತ ಭದ್ರವಾದ ಏರ್ಪಾಡು ಬೇಕಿಲ್ಲ. ನಡೆಯುತ್ತಿದ್ದದ್ದು ಬೇರೆ. ಎರಡನೆಯ ವೈದ್ಯ ಶವಾಗಾರಕ್ಕೆ ಹೋಗಿ ಒಂದು ನೋಟ ಹರಿಸಿ, ಶಿಪ್‌ಮನ್ ಹೇಳಿದ ಕಥೆ ಕೇಳಿ, ಸಹಿ ಮಾಡಿ ಬರುತ್ತಿದ್ದರು. ಕುಟುಂಬದವರೊಡನೆ, ನೆರೆಯವರೊಡನೆ ಮಾತನಾಡಬೇಕೆಂಬ ಕಡ್ಡಾಯ ಇರಲಿಲ್ಲ. ಪ್ರತಿ ಸಹಿಗೂ ಶುಲ್ಕ ಇತ್ತು, ಬ್ರಿಟಿಷ್ ವೈದ್ಯರು ತಮ್ಮತಮ್ಮಲ್ಲಿ ಅದನ್ನು ತಮಾಷೆಯಾಗಿ ‘ಬೂದಿ ಕಾಸು’ ಎನ್ನುತ್ತಿದ್ದರು. ಸಹಿ ಮಾಡಿದವರು ಕೆಟ್ಟವರಲ್ಲ, ಲಂಚಕೋರರೂ ಅಲ್ಲ. ಒಬ್ಬ ವೈದ್ಯ ಸುಳ್ಳು ಹೇಳಬಹುದು ಎಂಬ ಸಾಧ್ಯತೆಯೇ ಅವರ ತಲೆಗೆ ಹೊಳೆಯಲಿಲ್ಲ. ಆದರೆ ‘ಸಿ’ ನಮೂನೆ ಹುಟ್ಟಿದ್ದೇ ಆ ಒಂದು ಸಾಧ್ಯತೆಗಾಗಿ. ಹಾಗೆ ನೋಡಿದರೆ ನಿಯಮ ಸತ್ತು ಎಷ್ಟೋ ವರ್ಷವಾಗಿತ್ತು, ಶುಲ್ಕ ಮಾತ್ರ ಬದುಕಿತ್ತು.

ಕೊರೊನರ್ ಎಂಬ ಅಧಿಕಾರಿಯೂ ಇದ್ದರು, ಅನುಮಾನಾಸ್ಪದ ಸಾವುಗಳನ್ನು ವಿಚಾರಿಸುವುದು ಅವರ ಕೆಲಸ. ಆದರೆ ಅವರಿಗೆ ಸಾವನ್ನು ವರದಿ ಮಾಡಬೇಕಿದ್ದವನು ಅದೇ ವೈದ್ಯ. ಕೊಂದವನೇ ಇದರಲ್ಲಿ ಅನುಮಾನಿಸುವಂಥದ್ದೇನೂ ಇಲ್ಲ ಎಂದು ಬರೆದರೆ, ಕಡತ ಕೊರೊನರ್ ಮೇಜಿಗೆ ಹೋಗುತ್ತಲೇ ಇರಲಿಲ್ಲ.

ಅನುಮಾನಪಟ್ಟವರು

ಮೊದಲು ಕಣ್ಣಿಗೆ ಬಿದ್ದದ್ದು ಅಧಿಕಾರವಿದ್ದವರಿಗಲ್ಲ. ಊರಿನ ಒಬ್ಬ ಟ್ಯಾಕ್ಸಿ ಚಾಲಕ ತನ್ನ ಗಾಡಿಯಲ್ಲಿ ಓಡಾಡುತ್ತಿದ್ದ ಗಟ್ಟಿಮುಟ್ಟಾದ ಅಜ್ಜಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿರುವುದನ್ನು, ಎಲ್ಲರ ಡಾಕ್ಟರೂ ಒಬ್ಬನೇ ಆಗಿರುವುದನ್ನು ಗಮನಿಸಿ ಹೆಸರುಗಳ ಪಟ್ಟಿ ಮಾಡತೊಡಗಿದ. ಪಟ್ಟಿ ಇಪ್ಪತ್ತು ದಾಟಿತು. ಡಾಕ್ಟರ ವಿರುದ್ಧ ಟ್ಯಾಕ್ಸಿಯವನ ಮಾತನ್ನು ಯಾರು ನಂಬುತ್ತಾರೆ ಎಂದು ವರ್ಷಗಟ್ಟಲೆ ಸುಮ್ಮನಿದ್ದ.

ಶವಸಂಸ್ಕಾರದ ವ್ಯವಸ್ಥೆ ಮಾಡುವ ಸ್ಥಳೀಯ ಕುಟುಂಬವೊಂದಕ್ಕೂ ಇದೇ ಶಂಕೆ ಬಂತು. ಶಿಪ್‌ಮನ್‌ನ ರೋಗಿಗಳ ಮನೆಗೆ ಹೋದಾಗಲೆಲ್ಲ ಅದೇ ಕುರ್ಚಿ, ಅದೇ ಭಂಗಿ, ಅದೇ ಹೊರಉಡುಪು. ಮನೆಯ ಹಿರಿಯ ನೇರವಾಗಿ ದವಾಖಾನೆಗೇ ಹೋಗಿ ಕೇಳಿದ. ಶಿಪ್‌ಮನ್ ಸಿಡುಕಲಿಲ್ಲ, ತನ್ನ ಪ್ರಮಾಣಪತ್ರಗಳ ಪುಸ್ತಕ ತೆಗೆದು ತೋರಿಸಿದ. ಹಿರಿಯ ಸಮಾಧಾನಗೊಂಡು ಮರಳಿದ. ಮಗಳಿಗೆ ಸಮಾಧಾನವಾಗಲಿಲ್ಲ. ಆಕೆ ಎದುರು ಸಾಲಿನ ಬ್ರೂಕ್ ದವಾಖಾನೆಯ ವೈದ್ಯರ ಕಿವಿಗೆ ವಿಷಯ ಹಾಕಿದಳು.

ಅಲ್ಲಿನ ಡಾ. ಲಿಂಡಾ ರೆನಾಲ್ಡ್ಸ್ ಲೆಕ್ಕ ಹಾಕಿದರು. ಶಿಪ್‌ಮನ್‌ನ ‘ಸಿ’ ನಮೂನೆಗಳಿಗೆ ಸಹಿ ಹಾಕುತ್ತಿದ್ದದ್ದು ಅವರ ದವಾಖಾನೆಯ ವೈದ್ಯರೇ ಆದ್ದರಿಂದ ಸಂಖ್ಯೆ ಕೈಯಲ್ಲೇ ಇತ್ತು. ಹಿಂದಿನ ಮೂರು ತಿಂಗಳಲ್ಲಿ ಬ್ರೂಕ್‌ನ ಸುಮಾರು 9,500 ರೋಗಿಗಳಲ್ಲಿ 14 ಸಾವು. ಶಿಪ್‌ಮನ್‌ನ 3,100 ರೋಗಿಗಳಲ್ಲಿ 16. 1998ರ ಮಾರ್ಚ್ 24ರಂದು ಅವರು ಕೊರೊನರ್ ಜಾನ್ ಪೊಲಾರ್ಡ್ ಅವರಿಗೆ ತಿಳಿಸಿದರು, ಪೊಲಾರ್ಡ್ ಪೊಲೀಸರಿಗೆ ಹೇಳಿದರು.

ಆ ಮೊದಲ ಪೊಲೀಸ್ ತನಿಖೆ ಒಂದು ತಿಂಗಳೂ ನಡೆಯಲಿಲ್ಲ. ಶಿಪ್‌ಮನ್‌ನ ಹಿಂದಿನ ಶಿಕ್ಷೆಯ ದಾಖಲೆಯನ್ನು ತೆಗೆಸಲಿಲ್ಲ. ಮೆಡಿಕಲ್ ಕೌನ್ಸಿಲನ್ನು ವಿಚಾರಿಸಲಿಲ್ಲ. ಸ್ಥಳೀಯ ಆರೋಗ್ಯ ಪ್ರಾಧಿಕಾರದ ಸಲಹೆಗಾರರೊಬ್ಬರು ಕೆಲವು ಕಡತ ತಿರುವಿ ಅಸಹಜವಾದದ್ದೇನೂ ಇಲ್ಲ ಎಂದರು. ಅವರು ಓದಿದ್ದು ಶಿಪ್‌ಮನ್ ಬರೆದಿಟ್ಟ ಕಡತಗಳನ್ನೇ. ಏಪ್ರಿಲ್ 17ಕ್ಕೆ ತನಿಖೆ ಮುಗಿಯಿತು. ಅದಾದ ಮೇಲೆ ಅವನು ಇನ್ನೂ ಮೂವರು ಮಹಿಳೆಯರನ್ನು ಕೊಂದ.

ಒಂದು ಉಯಿಲು

ಆ ಮೂವರಲ್ಲಿ ಕೊನೆಯವರು 81 ವರ್ಷದ, ಊರಿಗೆಲ್ಲ ಬೇಕಾದ ಮಹಿಳೆ. ಹಿಂದೊಮ್ಮೆ ಹೈಡ್‌ನ ಮೇಯರೆಸ್ ಆಗಿದ್ದವರು, ಆ ವಯಸ್ಸಿನಲ್ಲೂ ಇತರ ಹಿರಿಯರ ಊಟದ ಕ್ಲಬ್ಬಿಗೆ ಹೋಗಿ ಬಡಿಸುತ್ತಿದ್ದವರು. 1998ರ ಜೂನ್ 24ರಂದು ಅವರು ಅಲ್ಲಿಗೆ ಬರಲಿಲ್ಲ. ಗೆಳೆಯರು ಮನೆಗೆ ಹೋಗಿ ನೋಡಿದಾಗ ಸತ್ತಿದ್ದರು. ಬೆಳಿಗ್ಗೆ ಡಾಕ್ಟರು ಬಂದು ಹೋಗಿದ್ದ. ಸಾವಿನ ಕಾರಣ, ಅವನ ಪ್ರಕಾರ, ವೃದ್ಧಾಪ್ಯ.

ಅದೇ ಹೊತ್ತಿಗೆ ಊರಿನ ವಕೀಲರ ಕಚೇರಿಯೊಂದಕ್ಕೆ ಆಕೆಯ ಹೆಸರಿನ ಉಯಿಲು ಅಂಚೆಯಲ್ಲಿ ಬಂತು. ಸುಮಾರು 3,86,000 ಪೌಂಡಿನ ಆಸ್ತಿಯೆಲ್ಲ ಡಾಕ್ಟರಿಗೆ, ಮಗಳು ಮೊಮ್ಮಕ್ಕಳಿಗೆ ಕಾಸೂ ಇಲ್ಲ. ಶಿಪ್‌ಮನ್‌ನ ದುರದೃಷ್ಟಕ್ಕೆ ಸತ್ತಾಕೆಯ ಮಗಳು ಸ್ವತಃ ವಕೀಲೆ, ತಾಯಿಯ ಆಸ್ತಿ ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಅಚ್ಚುಕಟ್ಟಿನ ಮನುಷ್ಯಳಾದ ತಾಯಿ ಇಷ್ಟು ಕೆಟ್ಟದಾಗಿ ಟೈಪು ಮಾಡಿದ ಕಾಗದಕ್ಕೆ ಸಹಿ ಹಾಕುವವಳಲ್ಲ ಎಂಬುದು ಅವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಸಾಕ್ಷಿಗಳಾಗಿ ಸಹಿ ಹಾಕಿದ್ದವರನ್ನು ಹುಡುಕಿ ಮಾತನಾಡಿಸಿದರು. ಅವರು ದವಾಖಾನೆಯಲ್ಲಿ ಸರದಿಗೆ ಕಾಯುತ್ತಿದ್ದ ರೋಗಿಗಳು. ಮಡಿಸಿದ ಕಾಗದ ಮುಂದಿಟ್ಟು ಡಾಕ್ಟರು ಸಹಿ ಕೇಳಿದ್ದ, ಕೊಟ್ಟಿದ್ದರು. ಮಗಳು ಪೊಲೀಸರ ಬಳಿ ಹೋದರು.

ಆಗಸ್ಟ್ 1ರಂದು ಸಮಾಧಿ ತೆರೆದು ದೇಹ ಹೊರತೆಗೆದರು. ಸ್ನಾಯುವಿನಲ್ಲಿ ಮಾರ್ಫಿನ್ ಸಿಕ್ಕಿತು. ಡೈಯಾಮಾರ್ಫಿನ್ ದೇಹದೊಳಗೆ ಬೇಗನೆ ಮಾರ್ಫಿನ್ ಆಗಿ ಬದಲಾಗುತ್ತದೆ, ಮತ್ತು ಅದು ತಿಂಗಳುಗಟ್ಟಲೆ ಉಳಿಯುತ್ತದೆ. ವೈದ್ಯನಾದವನಿಗೆ ಇದು ಗೊತ್ತಿರಬೇಕಿತ್ತು. ಉಯಿಲಿನ ಮೇಲೆ ಶಿಪ್‌ಮನ್‌ನ ಬೆರಳಚ್ಚಿತ್ತು, ಸತ್ತಾಕೆಯದು ಇರಲಿಲ್ಲ. ಉಯಿಲು ಬಡಿದ ಬ್ರದರ್ ಕಂಪನಿಯ ಟೈಪ್‌ರೈಟರ್ ಅವನ ದವಾಖಾನೆಯಲ್ಲೇ ಇತ್ತು. ಆಕೆ ಆಗಾಗ ಅದನ್ನು ಕಡ ಒಯ್ಯುತ್ತಿದ್ದಳು ಎಂದ. ಆಕೆಗೆ ಮಾದಕ ಚಟ ಇತ್ತೆಂದು ತಾನು ಮೊದಲೇ ಶಂಕಿಸಿದ್ದೆ ಎಂದು ಕಡತದಲ್ಲಿ ತೋರಿಸಿದ. ಆ ಸಾಲುಗಳನ್ನು ತಡವಾಗಿ ಸೇರಿಸಿದ್ದೆಂದು ಬಯಲಾಯಿತು. 1998ರ ಸೆಪ್ಟೆಂಬರ್ 7ರಂದು ಬಂಧನವಾಯಿತು. ಆಗಲೂ ಅವನ ನಿಷ್ಠ ರೋಗಿಗಳು ದವಾಖಾನೆಗೆ ಹಾರೈಕೆಯ ಕಾರ್ಡುಗಳನ್ನು ತಂದುಕೊಡುತ್ತಿದ್ದರು.

ಇಷ್ಟು ವರ್ಷ ಕೊಲೆಯಲ್ಲಿ ಕಾಣದಿದ್ದ ಅವಸರ ಫೋರ್ಜರಿಯಲ್ಲಿ ಯಾಕೆ ಕಂಡಿತು? ಸಿಕ್ಕಿಬೀಳಬೇಕೆಂದೇ ಮಾಡಿದ ಎನ್ನುವವರಿದ್ದಾರೆ, ಹಣ ಹೊಡೆದು ದೇಶ ಬಿಡುವ ಯೋಜನೆ ಎನ್ನುವವರೂ ಇದ್ದಾರೆ. ನನಗೆ ಅನ್ನಿಸುವುದು ಇನ್ನೂ ಸರಳವಾದದ್ದು: ತಾನು ಬರೆದದ್ದನ್ನೆಲ್ಲ ಜಗತ್ತು ಓದದೇ ಒಪ್ಪಿಕೊಳ್ಳುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು.

ಮೊಕದ್ದಮೆ

ಪ್ರೆಸ್ಟನ್ ಕ್ರೌನ್ ಕೋರ್ಟಿನಲ್ಲಿ 1999ರ ಅಕ್ಟೋಬರ್ 5ರಂದು ವಿಚಾರಣೆ ಶುರುವಾಯಿತು. ಆರೋಪ 15 ಕೊಲೆ ಮತ್ತು ಒಂದು ನಕಲಿ ಉಯಿಲು. ಒಂಬತ್ತು ಜನರ ದೇಹಗಳನ್ನು ಸಮಾಧಿಯಿಂದ ತೆಗೆದು ಪರೀಕ್ಷಿಸಲಾಗಿತ್ತು. ದಹನವಾಗಿದ್ದ ಆರು ಜನರ ವಿಷಯದಲ್ಲಿ ಕಂಪ್ಯೂಟರ್ ದಾಖಲೆ, ಫೋನ್ ದಾಖಲೆ, ಸಂಬಂಧಿಕರ ಮಾತುಗಳನ್ನು ಸಾಲಾಗಿ ಜೋಡಿಸಿಟ್ಟರು. ಪಾಟೀಸವಾಲಿನಲ್ಲಿ, ತಾನು ಔಷಧ ಇಟ್ಟುಕೊಂಡದ್ದಕ್ಕಾಗಲಿ ತಾರೀಕು ತಿದ್ದಿದ್ದಕ್ಕಾಗಲಿ ಅವನ ಬಳಿ ಉತ್ತರವಿರಲಿಲ್ಲ. 2000ದ ಜನವರಿ 31ರಂದು ಎಲ್ಲ ಆರೋಪಗಳಲ್ಲೂ ತಪ್ಪಿತಸ್ಥ ಎಂದಾಯಿತು. ನ್ಯಾಯಮೂರ್ತಿ ಫೋರ್ಬ್ಸ್ ಹದಿನೈದು ಜೀವಾವಧಿ ಶಿಕ್ಷೆ ವಿಧಿಸಿ, ಇವನನ್ನು ಎಂದಿಗೂ ಬಿಡಬಾರದು ಎಂದು ಶಿಫಾರಸು ಮಾಡಿದರು. ಮೆಡಿಕಲ್ ಕೌನ್ಸಿಲ್ ಅವನ ಹೆಸರು ಅಳಿಸಿದ್ದು ಇದಾದ ಮೇಲೆ, ಫೆಬ್ರುವರಿಯಲ್ಲಿ. ಅಲ್ಲಿಯ ತನಕ ಕಾನೂನಿನ ಪ್ರಕಾರ ಅವನು ಡಾಕ್ಟರೇ.

ತನ್ನ ರೋಗಿಗಳನ್ನು ಕೊಂದದ್ದಕ್ಕೆ ಕೊಲೆಗಾರನೆಂದು ತೀರ್ಪಾದ ಬ್ರಿಟಿಷ್ ವೈದ್ಯ ಇವನೊಬ್ಬನೇ. 1957ರಲ್ಲಿ ಈಸ್ಟ್‌ಬೋರ್ನಿನ ಡಾ. ಜಾನ್ ಬಾಡ್ಕಿನ್ ಆಡಮ್ಸ್ ಇಂಥದೇ ಆರೋಪದಿಂದ ಖುಲಾಸೆಯಾಗಿದ್ದರು.

ಆಯೋಗದ ಲೆಕ್ಕ

ಸರಕಾರ ಮೊದಲು ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಲು ಹೊರಟಿತ್ತು. ಸತ್ತವರ ಕುಟುಂಬಗಳು ಹೈಕೋರ್ಟಿಗೆ ಹೋಗಿ ಅದನ್ನು ತಡೆದವು. ಹಾಗೆ ಬಂದದ್ದು ಡೇಮ್ ಜಾನೆಟ್ ಸ್ಮಿತ್ ಎಂಬ ನ್ಯಾಯಾಧೀಶೆಯ ಆಯೋಗ. ಮ್ಯಾಂಚೆಸ್ಟರಿನ ಟೌನ್ ಹಾಲಿನಲ್ಲಿ ಕೂತು, 2002ರಿಂದ 2005ರವರೆಗೆ ಆರು ವರದಿ ಕೊಟ್ಟಿತು. 2002ರ ಜುಲೈನ ಮೊದಲ ವರದಿಯಲ್ಲಿ 215 ಖಚಿತ ಕೊಲೆಗಳ ಜೊತೆ, ಬಲವಾದ ಶಂಕೆಯ ಇನ್ನೂ 45 ಸಾವುಗಳಿದ್ದವು. ಒಬ್ಬೊಬ್ಬರ ಸಾವಿಗೂ ಪ್ರತ್ಯೇಕ ತೀರ್ಮಾನ ಬರೆದದ್ದು ಈ ವರದಿಯ ದೊಡ್ಡತನ. ನಲವತ್ತು ವರ್ಷದ ಮಗನೋ ಎಪ್ಪತ್ತು ವರ್ಷದ ತಂಗಿಯೋ, ತಮ್ಮವರು ಹೇಗೆ ಹೋದರು ಎಂಬುದಕ್ಕೆ ಉತ್ತರ ಪಡೆದರು. ಕೆಲವರಿಗೆ ಅದು ಇಪ್ಪತ್ತು ವರ್ಷದ ಹಿಂದೆ ಮುಗಿದಿದ್ದ ದುಃಖವನ್ನು ಮತ್ತೆ ಮೊದಲಿಂದ ಶುರುಮಾಡಿತು.

ಇದಕ್ಕೂ ಮುಂಚೆ, 2001ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಪ್ರೊ. ರಿಚರ್ಡ್ ಬೇಕರ್ ಸರಕಾರಕ್ಕಾಗಿ ಅಂಕಿ ಅಂಶಗಳ ತಪಾಸಣೆ ಮಾಡಿದ್ದರು. ಅದೇ ಬಗೆಯ ರೋಗಿಗಳಿದ್ದ ಇತರ ವೈದ್ಯರಿಗೆ ಹೋಲಿಸಿದರೆ ಶಿಪ್‌ಮನ್‌ನ ರೋಗಿಗಳಲ್ಲಿ ಮನೆಯಲ್ಲಾದ ಸಾವು 236ರಷ್ಟು ಹೆಚ್ಚು. ಇತರ ವೈದ್ಯರು ರೋಗಿ ಸಾಯುವ ಕ್ಷಣದಲ್ಲಿ ಅಲ್ಲೇ ಇದ್ದ ಸಂದರ್ಭ ನೂರಕ್ಕೆ ಒಂದೂ ಇಲ್ಲ, ಶಿಪ್‌ಮನ್ ಇದ್ದದ್ದು ನೂರಕ್ಕೆ ಹತ್ತೊಂಬತ್ತು ಸಲ. ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಮುಂದೆ ಪ್ರಸಿದ್ಧಗೊಳಿಸಿದ ನಕ್ಷೆಯೊಂದಿದೆ. ದಿನದ ಯಾವ ಗಂಟೆಯಲ್ಲಿ ಎಷ್ಟು ಸಾವು ಎಂದು ತೋರಿಸುವ ಗೆರೆ. ಬೇರೆ ವೈದ್ಯರ ರೋಗಿಗಳು ಹಗಲೂ ಇರುಳೂ ಹೆಚ್ಚು ಕಡಿಮೆ ಸಮನಾಗಿ ಸಾಯುತ್ತಾರೆ. ಶಿಪ್‌ಮನ್‌ನ ಗೆರೆ ಮಧ್ಯಾಹ್ನ ಎರಡರ ಸುಮಾರಿಗೆ ನೆಟ್ಟಗೆ ಮೇಲೇರುತ್ತದೆ. ಇದನ್ನು ಓದಲು ಯಾವ ಸಂಖ್ಯಾಶಾಸ್ತ್ರವೂ ಬೇಡ ಎಂಬುದೇ ಅವರ ಮಾತಿನ ಸಾರ. ಯಾರಾದರೂ ಗೆರೆ ಎಳೆದಿದ್ದರೆ 1980ರ ದಶಕದ ಮಧ್ಯದಲ್ಲೇ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು ಎಂದು ಅವರ ತಂಡ ಲೆಕ್ಕ ಹಾಕಿತು. ಬೇಕಾದ ಮಾಹಿತಿಯೆಲ್ಲ ನೋಂದಣಿ ಕಚೇರಿಯ ಕಪಾಟಿನಲ್ಲಿತ್ತು, ಶಿಪ್‌ಮನ್‌ನ ಕೈಬರಹದಲ್ಲೇ.

ಯಾಕೆ ಕೊಂದ

ಕೊನೆಯವರೆಗೂ ಅವನು ಒಪ್ಪಿಕೊಳ್ಳಲಿಲ್ಲ, ಬಾಯಿಬಿಡಲಿಲ್ಲ. ಪೊಲೀಸರ ಪ್ರಶ್ನೆಗಳಿಗೆ ಗೋಡೆಯತ್ತ ಮುಖ ತಿರುಗಿಸಿ ಕೂತ. ಕೊನೆಯ ಪ್ರಕರಣ ಬಿಟ್ಟರೆ ಹಣದ ಉದ್ದೇಶ ದೊಡ್ಡದಾಗಿ ಕಾಣುವುದಿಲ್ಲ. ದಯಾಮರಣ ಎನ್ನಲು ಸತ್ತವರಲ್ಲಿ ಬಹಳ ಜನ ಆರೋಗ್ಯವಾಗಿದ್ದರು. ಪೆಥಿಡಿನ್ ಚಟ ಬಿಟ್ಟವನಿಗೆ ಕೊಲ್ಲುವುದೇ ಚಟವಾಗಿರಬಹುದು ಎಂಬ ಊಹೆಯನ್ನು ಜಾನೆಟ್ ಸ್ಮಿತ್ ಮುಂದಿಟ್ಟರು, ಅದಕ್ಕಿಂತ ಮುಂದೆ ಹೋಗಲಿಲ್ಲ. 2004ರ ಜನವರಿ 13ರ ಬೆಳಿಗ್ಗೆ, 58 ತುಂಬುವ ಹಿಂದಿನ ದಿನ, ವೇಕ್‌ಫೀಲ್ಡ್ ಜೈಲಿನ ಕೋಣೆಯಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಕೆಲವು ಪತ್ರಿಕೆಗಳು ಅದನ್ನು ಸಂಭ್ರಮದ ತಲೆಬರಹದಲ್ಲಿ ಹಾಕಿದವು. ಉತ್ತರಕ್ಕಾಗಿ ಕಾದಿದ್ದ ಕುಟುಂಬಗಳಲ್ಲಿ ಹಲವರಿಗೆ ಅದು ಇನ್ನೊಂದು ಮೋಸದಂತೆ ಕಂಡಿತು.

ಆಮೇಲಿನ ಬದಲಾವಣೆಗಳು

ಮಾದಕ ಔಷಧಗಳ ಲೆಕ್ಕ ಬಿಗಿಯಾಯಿತು. ಒಮ್ಮೆ ನೋಂದಾಯಿಸಿದರೆ ಜೀವನಪೂರ್ತಿ ಡಾಕ್ಟರು ಎಂಬ ಪದ್ಧತಿ ಹೋಗಿ, 2012ರ ಡಿಸೆಂಬರಿನಿಂದ ವೈದ್ಯರು ಕಾಲಕಾಲಕ್ಕೆ ತಮ್ಮ ಯೋಗ್ಯತೆಯನ್ನು ಮರುಸಾಬೀತು ಮಾಡಬೇಕಾಯಿತು. ಒಂಟಿ ವೈದ್ಯರ ದವಾಖಾನೆಗಳ ಮೇಲೆ ಅನುಮಾನದ ಕಣ್ಣು ಬಿತ್ತು, ಪಾಪ, ಅವರಲ್ಲಿ ಬಹುಪಾಲು ನಿಷ್ಠೆಯ ಜನ. ಸಾಯುವ ರೋಗಿಗೆ ಸಾಕಷ್ಟು ಮಾರ್ಫಿನ್ ಕೊಡಲು ಕೆಲವು ವೈದ್ಯರು ಹೆದರತೊಡಗಿದರೆಂಬ ದೂರೂ ಕೇಳಿಬಂತು. ಅದು ನಿಜವಾದರೆ, ಶಿಪ್‌ಮನ್ ತಾನು ಮುಟ್ಟದವರಿಗೂ ನೋವು ಕೊಟ್ಟಂತಾಯಿತು.

ಎಲ್ಲಕ್ಕಿಂತ ಮುಖ್ಯ ಶಿಫಾರಸು ಮರಣ ಪ್ರಮಾಣಪತ್ರದ್ದು. ಒಬ್ಬನೇ ವೈದ್ಯನ ಮಾತಿನ ಮೇಲೆ ಸಾವಿನ ಕಾರಣ ದಾಖಲಾಗಬಾರದು, ಸ್ವತಂತ್ರವಾಗಿ ಪರಿಶೀಲಿಸುವವರು ಇರಬೇಕು ಎಂದು ಆಯೋಗದ ಮೂರನೆಯ ವರದಿ 2003ರಲ್ಲೇ ಒತ್ತಿ ಹೇಳಿತ್ತು. 2009ರಲ್ಲಿ ಸಂಸತ್ತು ಅದಕ್ಕೆ ಕಾನೂನಿನ ಅವಕಾಶ ಮಾಡಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ಕೊರೊನರ್ ನೋಡದ ಪ್ರತಿಯೊಂದು ಸಾವನ್ನೂ ಮೆಡಿಕಲ್ ಎಕ್ಸಾಮಿನರ್ ಎಂಬ ಸ್ವತಂತ್ರ ವೈದ್ಯರು ಪರಿಶೀಲಿಸಬೇಕು, ಮನೆಯವರಿಗೆ ಏನಾದರೂ ಅನುಮಾನವಿದೆಯೇ ಎಂದು ಕೇಳಬೇಕು ಎಂಬ ನಿಯಮ ಕಡ್ಡಾಯವಾಗಿ ಜಾರಿಗೆ ಬಂದದ್ದು 2024ರ ಸೆಪ್ಟೆಂಬರ್ 9ರಂದು. ಶಿಪ್‌ಮನ್ ಬಂಧನವಾಗಿ ಅಷ್ಟೊತ್ತಿಗೆ 26 ವರ್ಷ ಕಳೆದಿತ್ತು, ಅವನು ಕೊಲ್ಲುತ್ತಾ ಸಿಗದೇ ಉಳಿದದ್ದಕ್ಕಿಂತ ಒಂದು ವರ್ಷವಷ್ಟೇ ಕಡಿಮೆ.